ಬುಡದ ಬಿರಡೆ

ಅಕ್ಮಲ್ ಗ್ಯಾರೇಜಿಗೆ ಬೀಗ. ತಂಗಿ ಮದುವೆಗೆಂದು
ಸಕಲೇಶಪುರದಲ್ಲಿದ್ದವನು ಫೋನಿನಲ್ಲೇ ಹೇಳಿದ:
"ಹದಿನೇಳು ನಂಬರ್ ಸ್ಪ್ಯಾನರ್ ಐತಾ ಅಕ್ಕ?
ಹಂಗಾದ್ರೆ ನೀವೇ ಮಾಡಿ.
ಗಂಜಿ ಬಸಿದಂಗೆ, ಅಷ್ಟೆ."

ಡೈರಿ ಸರ್ಕಲ್‌ವರೆಗೆ ಒಂದು ಸುತ್ತು ಹೋಗಿ ಬಂದು
ಎಣ್ಣೆ ಬೆಚ್ಚಗಾದ ಮೇಲೆ
ಓಮ್ನಿಯ ಮುಂಗಾಲು ಸೈಜುಗಲ್ಲು ಹತ್ತಿಸಿ
ಹಿಂಗಾಲಿಗೆ ಒರಳಿನ ಗುಂಡು ಅಡ್ಡ ಕೊಟ್ಟೆ.
ನೈಟಿಯ ಮೇಲೆ ಗಂಡನ ಹಳೇ ಅಂಗಿ ತೊಟ್ಟು
ಅಕ್ಕಿಚೀಲ ಹಾಸಿ
ಅಂಗಾತ ನುಗ್ಗಿದೆ.

ಹೊಟ್ಟೆಯಡಿ ಕಂಡಿದ್ದು ನಮ್ಮದೇ ತಿರುಗಾಟ:
ಬೇಲೂರಿನ ಕೆಸರು ಒಣಗಿದ ಮೇಲೆ
ಬೆಳಗೊಳದ ಬಿಳಿ ಧೂಳು,
ಅದರ ಮೇಲೆ, ನಾದಿನಿಯನ್ನು ಹೆರಿಗೆಗೆ ಒಯ್ದ ರಾತ್ರಿ
ಸಿಡಿದು ಅಂಟಿದ ಹೊಸ ಡಾಂಬರು.
ಆ ಮಗು ಈಗ ಮೂರನೇ ಕ್ಲಾಸು.
ಗಾಡಿಯಾಚೆಗೆ ಅತ್ತೆಯ ಹಿಮ್ಮಡಿ,
ಇಸ್ತ್ರಿ ಮಾಡಿದ ಪ್ಯಾಂಟಿನ ಎರಡು ತುದಿ.

ಪ್ಯಾಂಟು ನನ್ನ ಯಜಮಾನರದು. ಪಂಚಾಕ್ಷರಿ, ಕನ್ನಡ ಮೇಷ್ಟ್ರು.
ಕೈ ಕಪ್ಪಾದೀತೆಂದು
ಗಾಡಿಯ ಪುಸ್ತಕ ಹಿಡಿದು ನಿಂತಿದ್ದಾರೆ.
"ಡ್ರೈನ್ ಪ್ಲಗ್ಗಿಗೆ ನಮ್ಮಲ್ಲಿ ಏನನ್ನಬಹುದು?
ವಿಸರ್ಜನಾ ಕೀಲಕ?"
ಕೆಳಗೆ ನನಗೆ ನಗು ಬಂದು ಮೂಗಿಗೆ ಮಣ್ಣು ಬಿತ್ತು.
"ಬುಡದ ಬಿರಡೆ ಕಣೋ," ಎಂದರು ಅತ್ತೆ
ಹೂವಿನ ಗಿಡಕ್ಕೆ ನೀರು ಹಾಕುತ್ತ.

ಮಲಗಿ ನೋಡಿದರೆ ಎಡಬಲ ತಿರುಗುಮುರುಗು.
ಬಿಚ್ಚುತ್ತೇನೆಂದು ಐದು ನಿಮಿಷ ಬಿಗಿಯುತ್ತಲೇ ಇದ್ದೆ.
ಆಮೇಲೆ ಒಮ್ಮೆಗೇ 'ಕಟ್' ಎಂದು ಸಡಿಲಿ
ಬೆರಳಿಗೆ ಬಿಸಿ ತಾಗಿ
ಬಿರಡೆ ಜಾರಿ ಬೇಸಿನ್ನಿಗೆ, ಅದರ ಹಿಂದೆಯೇ
ಕರ್ರಗೆ, ನುಣ್ಣಗೆ, ಜಡೆಯ ಹಾಗೆ ಇಳಿಯಿತು
ಎಂಟು ಸಾವಿರ ಕಿಲೋಮೀಟರು.

"ಬಿದ್ದು ಹೋಯ್ತು!"
"ಏನು?"
"ನಿಮ್ಮ ಕೀಲಕ!"

ಅತ್ತೆ ಒಳಗೆ ಹೋಗಿ ತಂದರು
ಹಿಡಿ ಮುರಿದ ಜಾಲರಿ ಸೌಟು.
ಕೂತು, ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು
ಬಾಣಲೆಯ ಅಂಚಿಗೆ ಒತ್ತಿ ಬೋಂಡ ಎತ್ತುವ ಹಾಗೆ
ಮೊದಲ ಸಲಕ್ಕೇ ಎತ್ತಿದರು ಬಿರಡೆ,
ಎರಡನೇ ಸಲಕ್ಕೆ ತಾಮ್ರದ ಬಿಲ್ಲೆ.
ಸೋರಲು ಬಿಟ್ಟರು. ತಟ್ಟಿದರು. ಪೇಪರಿನ ಮೇಲೆ ಇಟ್ಟರು.

ಸಾವಂತ್ರಮ್ಮ, ಗಂಡಸಿಯ ಗಾಣದ ಮನೆಯವರು.
ಹುಚ್ಚೆಳ್ಳೋ ಕೊಬ್ಬರಿಯೋ ಕತ್ತಲಲ್ಲೂ ಹೇಳುತ್ತಾರೆ.
ಹೆಬ್ಬೆರಳು ತೋರುಬೆರಳಿನ ನಡುವೆ
ಹಳೇ ಎಣ್ಣೆ ಉಜ್ಜಿ ನೋಡಿ
"ಜಿಡ್ಡು ಸತ್ತೈತೆ," ಎಂದರು, "ಇನ್ನೂ ಮುಂಚೆ ತೆಗೀಬೇಕಿತ್ತು."
ಹೊಸ ಡಬ್ಬಿಯ ಮುಚ್ಚಳ ಬಿಚ್ಚಿ
ಜೇನಿನ ಬಣ್ಣಕ್ಕೆ ಮೊದಲು ಖುಷಿಪಟ್ಟರು.
ಮೂಸಿದರು. ಮತ್ತೆ ಮೂಸಿದರು.
ಯಾವ ಹೊಲ, ಯಾವ ಕಾಳು, ಯಾವ ಎತ್ತು
ಏನೂ ಸಿಗಲಿಲ್ಲ.
"ಚೆನ್ನಾಗೈತೆ," ಎಂದರು, "ಆದರೆ ಇದಕ್ಕೆ ಊರೇ ಇಲ್ಲ."

ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಎಣ್ಣೆ ಸವರಿ
(ಕೂಸಿನ ನೆತ್ತಿಗೆ ಹಚ್ಚುವಷ್ಟೆ)
ಕೈಯಲ್ಲೇ ಬಿಗಿದು, ಸೀಟು ಎತ್ತಿ ಆಲಿಕೆ ಇಟ್ಟೆ.
ಗಳ ಗಳ ಗಳ.
ಕಡ್ಡಿ ಅದ್ದಿ ನೋಡಿದೆ: ಎರಡು ಗೆರೆಯ ನಡುವೆ.
ಕೀಲಿ ತಿರುಗಿಸಿದೆ. ಕೆಂಪು ದೀಪ ಒಂದು ಗಳಿಗೆ
ಯೋಚಿಸಿ ಆರಿತು.

ಹಳೇ ಎಣ್ಣೆಯ ಸುದ್ದಿ ಬೀದಿಗೆ ಹೇಗೆ ಮುಟ್ಟಿತೋ.
ಜವರಯ್ಯ ಬಾಟಲಿ ಹಿಡಿದು ಬಂದರು, ಗೆದ್ದಲು ಹತ್ತಿದ ಕಂಬಕ್ಕೆ.
ಪಿಂಟೋ ಟೀಚರಿಗೆ ಹೊಲಿಗೆ ಯಂತ್ರಕ್ಕೆ ಬೇಕಿತ್ತು, ಬೇಡವೆಂದೆ,
ರೋಲಿಂಗ್ ಶಟರಿಗೆ ಒಯ್ದರು.
ಉಳಿದ ಒಂದು ಚೂರನ್ನು ಅತ್ತೆ
ಕೋಳಿಗರಿಯಲ್ಲಿ ನಮ್ಮ ಗೇಟಿನ ತಿರುಗಣಿಗೆ ಬಿಟ್ಟರು.

ಮೇಷ್ಟ್ರು ತಮ್ಮ ಪಾಲಿನ ಕೆಲಸ ಮುಗಿಸಿದರು:
ಬಾಗಿಲ ಒಳಬದಿಗೆ ಚೀಟಿ, ಮುತ್ತಿನಂಥ ಅಕ್ಷರ,
ತಾರೀಖು, ಕಿಲೋಮೀಟರು, ಕೆಳಗೆ
'ಬುಡದ ಬಿರಡೆ: ಭದ್ರ.'

ರಾತ್ರಿ ಊಟದ ಹೊತ್ತಿಗೆ ಬೆನ್ನ ಹಿಂದೆ ಯಾರೋ ಕೆಮ್ಮಿದರು.
ಮೂವರೂ ಬೆಚ್ಚಿಬಿದ್ದೆವು.
ಜವರಯ್ಯ. ಬಾಟಲಿ ವಾಪಸು ಕೊಡಲು ಬಂದಿದ್ದರು.
ಇಪ್ಪತ್ತು ವರ್ಷ ಒದರಿದ ಗೇಟು
ಒಂದು ಮಾತೂ ಹೇಳಿರಲಿಲ್ಲ.